ಗಡಿ ದಾಟುವ ಗಾಳ: ಆಂಟೇರಿಯೊ ಸರೋವರಗಳಿಗೆ ಹೋಗುವ ಪ್ರವಾಸಿ ಏನನ್ನು ಒಯ್ಯಬಹುದು?

ವಿಷಯ ಪ್ರವೇಶ

ಗಾಳ ಹಾಕಿ ಮೀನು ಹಿಡಿಯುವುದು ನಮ್ಮ ಹೊಳೆಕೆರೆಗಳ ದಡದಲ್ಲಿ ಬಹುಮಟ್ಟಿಗೆ ಹೊಟ್ಟೆಪಾಡಿನ ಕೆಲಸ. ಉತ್ತರ ಅಮೆರಿಕದಲ್ಲಾದರೋ ಅದು ಕೋಟ್ಯಂತರ ಜನರ ವಿರಾಮಕಾಲದ ವಿನೋದ. ಬೇಸಗೆ ಬಂದಿತೆಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಶಿಗನ್ ಮೊದಲಾದ ರಾಜ್ಯಗಳ ಕುಟುಂಬಗಳು ಮೋಟಾರು ವಾಹನದ ಹಿಂದೆ ದೋಣಿಯನ್ನು ಕಟ್ಟಿಕೊಂಡು ಕೆನಡ ದೇಶದ ಆಂಟೇರಿಯೊ ಪ್ರಾಂತ್ಯದ ಕಡೆಗೆ ಹೊರಡುತ್ತವೆ. ಆ ಪ್ರಾಂತ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರೋವರಗಳಿವೆ. ಈ ಪ್ರವಾಸಿಗಳು ಗಡಿಯಾಚೆಗೆ ಏನನ್ನು ಒಯ್ಯಬಹುದು, ಏನನ್ನು ಒಯ್ಯಬಾರದು, ಈ ಭೇದಕ್ಕೆ ಕಾರಣವೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

ಆಂಟೇರಿಯೊದ ಗಡಿಯೂರಾದ ಫೋರ್ಟ್ ಫ್ರಾನ್ಸಿಸ್‌ನ ಸುಂಕದ ಕಟ್ಟೆಯಲ್ಲಿ ಇಂಥದೊಂದು ವಾಹನ ನಿಂತಿದೆಯೆಂದು ಭಾವಿಸೋಣ. ಅದರಲ್ಲಿ ಗುಡಾರವಿದೆ, ಗಾಳದ ಕೋಲುಗಳಿವೆ, ಇಪ್ಪತ್ತನಾಲ್ಕು ಡಬ್ಬಿ ಬಿಯರ್ ಇದೆ. ಹಿಂದೆ ಯಂತ್ರಸಹಿತವಾದ ದೋಣಿಯಿದೆ. ಒಂದು ಬಕೀಟಿನಲ್ಲಿ ಗಾಳಕ್ಕೆ ಚುಚ್ಚಲೆಂದು ತಂದ ಎರಡು ಡಜನ್ ಜೀವಂತ ಕಿರುಮೀನುಗಳಿವೆ. ಸಾವಿರಾರು ಡಾಲರ್ ಬೆಲೆಯ ದೋಣಿಯನ್ನು ಅಧಿಕಾರಿ ಸುಂಕವಿಲ್ಲದೆ ಬಿಡುತ್ತಾನೆ, ಬಿಯರನ್ನೂ ಬಿಡುತ್ತಾನೆ. ಕೆಲವೇ ಡಾಲರ್ ಬೆಲೆಯ ಆ ಕಿರುಮೀನುಗಳನ್ನು ಮಾತ್ರ ಬಿಡುವುದಿಲ್ಲ. ಪ್ರವಾಸಿಗೆ ಇದು ವಿಚಿತ್ರವಾಗಿ ತೋರುವುದು ಸಹಜ. ಆದರೆ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಎರಡು ಬಗೆಯ ವಸ್ತುಗಳನ್ನು ಕುರಿತವೆಂಬುದು ಸ್ಪಷ್ಟವಾಗುತ್ತದೆ: ಬಳಸಿದರೆ ಮುಗಿಯುವ ವಸ್ತುಗಳು ಒಂದು ಬಗೆ, ಬಿಟ್ಟರೆ ಬೆಳೆಯುವ ವಸ್ತುಗಳು ಇನ್ನೊಂದು ಬಗೆ. ಮೊದಲನೆಯವಕ್ಕೆ ಮಿತಿಯುಂಟು, ಎರಡನೆಯವಕ್ಕೆ ನಿಷೇಧವೊಂದೇ ದಾರಿ.

ಮುಗಿಯುವ ವಸ್ತುಗಳು

ಮೊದಲ ಬಗೆಯನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಪ್ರವಾಸಿ ತನ್ನ ಸ್ವಂತ ಬಳಕೆಗೆ ಒಯ್ದು ಮತ್ತೆ ಹಿಂದಕ್ಕೆ ತರುವ ದೋಣಿ, ಯಂತ್ರ, ಗಾಳದ ಸಾಮಗ್ರಿ, ಗುಡಾರ ಮುಂತಾದವಕ್ಕೆ ಸುಂಕವಿಲ್ಲ. ಮದ್ಯದಲ್ಲಿ ೧.೧೪ ಲೀಟರ್ ಕಡುಮದ್ಯ, ೧.೫ ಲೀಟರ್ ದ್ರಾಕ್ಷಾರಸ, ೮.೫ ಲೀಟರ್ ಬಿಯರ್ ಇವುಗಳಲ್ಲಿ ಯಾವುದಾದರೂ ಒಂದನ್ನು ಸುಂಕವಿಲ್ಲದೆ ಒಯ್ಯಬಹುದು. ಆಂಟೇರಿಯೊದಲ್ಲಿ ಇದಕ್ಕೆ ೧೯ ವರ್ಷ ತುಂಬಿರಬೇಕು. ಸಿಗರೇಟು ೨೦೦, ಚುಟ್ಟ ೫೦ ಎಂಬುದು ತಂಬಾಕಿನ ಮಿತಿ. ಹತ್ತು ಸಾವಿರ ಕೆನಡ ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ಹಣವಿದ್ದರೆ ಒಯ್ಯಲು ಅಡ್ಡಿಯಿಲ್ಲ. ಆದರೆ ಅದನ್ನು ತಿಳಿಸಲೇಬೇಕು. ಆಹಾರಪದಾರ್ಥಗಳ ಮಿತಿಗಳು ಜಾನುವಾರು ಮತ್ತು ಕೋಳಿಗಳ ರೋಗ ತಲೆದೋರಿದಾಗ ಬದಲಾಗುವುದುಂಟು; ಆದಕಾರಣ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಕ್ಷೇಮ.

ಕೆಲವನ್ನು ರಕ್ಷಣೆಯ ದೃಷ್ಟಿಯಿಂದ ತಡೆಯುತ್ತಾರೆ. ಕೋವಿಯನ್ನು ಬರವಣಿಗೆಯ ಮೂಲಕ ತಿಳಿಸಿ, ಶುಲ್ಕ ತೆತ್ತು ಒಯ್ಯಬೇಕು. ಪಿಸ್ತೂಲಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಕರಡಿಯನ್ನು ಓಡಿಸಲೆಂದೇ ತಯಾರಾಗಿ, ಹಾಗೆಂದು ಮುದ್ರಿತವಾದ ಖಾರದ ಸಿಂಚಕವನ್ನು ಬಿಡುತ್ತಾರೆ. ಮನುಷ್ಯರ ಮೇಲೆ ಪ್ರಯೋಗಿಸುವ ಅದೇ ಬಗೆಯ ಸಿಂಚಕವನ್ನು ಬಿಡುವುದಿಲ್ಲ. ಗಾಂಜಾ ೨೦೧೮ರ ಅಕ್ಟೋಬರ್ ೧೭ರಿಂದ ಕೆನಡದಲ್ಲಿ ಶಾಸನಸಮ್ಮತವಾಗಿದ್ದರೂ ಅದನ್ನು ಗಡಿ ದಾಟಿಸುವುದು ಎರಡೂ ದಿಕ್ಕಿನಲ್ಲಿ ಅಪರಾಧ. ಕುಡಿದು ವಾಹನ ನಡೆಸಿ ಶಿಕ್ಷೆಗೊಳಗಾದವನಿಗೆ ಪ್ರವೇಶವನ್ನೇ ನಿರಾಕರಿಸಬಹುದು. ೨೦೧೮ರ ಡಿಸೆಂಬರಿನಲ್ಲಿ ಕೆನಡವು ಆ ಅಪರಾಧದ ಗರಿಷ್ಠ ಶಿಕ್ಷೆಯನ್ನು ಹತ್ತು ವರ್ಷಗಳಿಗೆ ಏರಿಸಿದ ಬಳಿಕ ಈ ವಿಷಯ ಮತ್ತಷ್ಟು ಬಿಗಿಯಾಗಿದೆ. ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರು ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಭಾರತದ ರಹದಾರಿಯನ್ನುಳ್ಳವರು ಅಮೆರಿಕದ ಶಾಶ್ವತ ನಿವಾಸಿಗಳಾಗಿದ್ದರೆ ಅವರಿಗೆ ಕೆನಡದ ವೀಸಾ ಬೇಕಿಲ್ಲ. ಕೇವಲ ಕೆಲಸದ ವೀಸಾದ ಮೇಲೆ ಅಲ್ಲಿರುವವರಿಗೆ ಬೇಕು.

ಬೆಳೆಯುವ ವಸ್ತುಗಳು

ಇನ್ನು ಎರಡನೆಯ ಬಗೆಗೆ ಬರೋಣ. ಗಾಳಕ್ಕೆ ಚುಚ್ಚುವುದಕ್ಕಾಗಿ ಜೀವಂತ ಮೀನು, ಜಿಗಣೆ, ಸಿಗಡಿಯ ಬಂಧುವಾದ ಸಿಹಿನೀರಿನ ಕ್ರೇಫಿಷ್, ಹಲ್ಲಿಯ ಆಕಾರದ ಉಭಯಚರವಾದ ಸಾಲಮಾಂಡರ್ ಇವುಗಳಲ್ಲಿ ಯಾವುದನ್ನೂ ಆಂಟೇರಿಯೊದೊಳಕ್ಕೆ ತರುವಂತಿಲ್ಲ. ಇಲ್ಲಿ ಇಷ್ಟು ಡಜನ್ ಎಂಬ ಮಿತಿಯಿಲ್ಲ, ಒಂದನ್ನೂ ತರಬಾರದು. ಇದರ ಕಾರಣ ಆ ಸರೋವರಗಳ ಇತ್ತೀಚಿನ ಚರಿತ್ರೆಯಲ್ಲಿದೆ.

ರಸ್ಟಿ ಕ್ರೇಫಿಷ್ ಎಂಬ, ಮೈಮೇಲೆ ತುಕ್ಕುಬಣ್ಣದ ಮಚ್ಚೆಯುಳ್ಳ ಜಾತಿಯನ್ನು ಮೊದಲು ತೆಗೆದುಕೊಳ್ಳೋಣ. ಇದರ ತವರು ಓಹಾಯೊ ನದಿಯ ಪ್ರದೇಶ. ಅಲ್ಲಿಂದ ಇದು ಗಾಳಗಾರರ ಬಕೀಟುಗಳಲ್ಲಿ ಉತ್ತರಕ್ಕೆ ಪಯಣಿಸಿ ವಿಸ್ಕಾನ್ಸಿನ್, ಮಿನ್ನೆಸೋಟ, ಆಂಟೇರಿಯೊಗಳ ಸರೋವರಗಳನ್ನು ಸೇರಿತು. ದಿನದ ಕೊನೆಗೆ ಉಳಿದ ನಾಲ್ಕಾರು ಪ್ರಾಣಿಗಳನ್ನು ಕೊಲ್ಲಲು ಮನಸ್ಸಾಗದೆ ನೀರಿಗೆ ಬಿಟ್ಟವರು ಅದನ್ನು ದಯೆಯ ಕಾರ್ಯವೆಂದೇ ತಿಳಿದಿದ್ದರು. ಆದರೆ ಗಂಡಿನೊಡನೆ ಕೂಡಿದ ಒಂದೇ ಒಂದು ಹೆಣ್ಣು ಹೊಸ ಸರೋವರದಲ್ಲಿ ಒಂದು ಸಂತತಿಯನ್ನೇ ಆರಂಭಿಸಬಲ್ಲುದು. ಈ ಪ್ರಾಣಿ ನೀರೊಳಗಿನ ಸಸ್ಯಗಳನ್ನು ಬುಡದಲ್ಲಿಯೇ ಕತ್ತರಿಸುತ್ತದೆ. ಸ್ಥಳೀಯ ಕ್ರೇಫಿಷ್‌ಗಳನ್ನು ಹೊರದಬ್ಬುತ್ತದೆ. ಮರಿಮೀನುಗಳು ಅಡಗಿ ಬೆಳೆಯುವ ಸಸ್ಯರಾಶಿ ಹೋದರೆ ಮುಂದೆ ಗಾಳಕ್ಕೆ ಬೀಳಬೇಕಾದ ಮೀನೂ ಕಡಿಮೆಯಾಗುತ್ತದೆ. ಹೀಗೆ ಗಾಳಗಾರನು ತನ್ನ ವಿನೋದದ ಮೂಲವನ್ನು ತಾನೇ ಅರಿಯದೆ ಕೆಡಿಸಿದಂತಾಯಿತು.

ಎರಡನೆಯ ಉದಾಹರಣೆ ಕಣ್ಣಿಗೆ ಕಾಣದ್ದು. ೨೦೦೫ರಲ್ಲಿ ಮಹಾಸರೋವರಗಳ ಪ್ರದೇಶದಲ್ಲಿ ಮೀನುಗಳ ಒಂದು ಮಾರಕ ವೈರಸ್ ರೋಗವನ್ನು ಗುರುತಿಸಿದರು. ಇದು ತಗುಲಿದ ಮೀನುಗಳಲ್ಲಿ ಒಳರಕ್ತಸ್ರಾವವಾಗುತ್ತದೆ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ. ಕೂಡಿಟ್ಟಿದ್ದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ೨೦೦೩ರಲ್ಲಿಯೇ ಅದು ಬಂದಿತ್ತೆಂದು ತಿಳಿಯಿತು. ಮುಂದಿನ ಕಾಲದಲ್ಲಿ ಹಲವೆಡೆ ಮೀನುಗಳು ರಾಶಿರಾಶಿಯಾಗಿ ಸತ್ತವು. ೨೦೦೬ರ ಅಕ್ಟೋಬರಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಆ ಪ್ರದೇಶದ ಜೀವಂತ ಮೀನುಗಳ ಸಾಗಣೆಗೆ ನಿರ್ಬಂಧವನ್ನು ಹಾಕಿತು. ಈ ವೈರಸ್ಸು ಜೀವಂತ ಮೀನಿನಲ್ಲಿ ಹೇಗೋ ಹಾಗೆಯೇ ಬಕೀಟಿನ ನೀರಿನಲ್ಲಿಯೂ ಪಯಣಿಸಬಲ್ಲುದು. ಎಂದ ಮೇಲೆ ಮೀನು ಆರೋಗ್ಯವಾಗಿಯೇ ಇದೆಯಲ್ಲ ಎಂಬ ಪ್ರವಾಸಿಯ ವಾದಕ್ಕೆ ಸುಂಕದ ಕಟ್ಟೆಯಲ್ಲಿ ಬೆಲೆಯಿಲ್ಲ. ಅಲ್ಲಿನ ಅಧಿಕಾರಿ ಅದನ್ನು ಪರೀಕ್ಷಿಸಿ ನಿರ್ಣಯಿಸಲಾರ.

ಸೌದೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಬೆಂಕಿಗೆ ಹಾಕಿದರೆ ಮುಗಿದುಹೋಗುವ ಸೌದೆ ನೋಡುವುದಕ್ಕೆ ಮೊದಲ ಬಗೆಯ ವಸ್ತು; ತೊಗಟೆಯಡಿಯಲ್ಲಿ ಹುಳುವಿದ್ದರೆ ಎರಡನೆಯ ಬಗೆಯದು. ಏಷ್ಯಾ ಮೂಲದ ಒಂದು ಹಸುರು ಕೊರಕವು ೨೦೦೨ರಲ್ಲಿ ಡೆಟ್ರಾಯಿಟ್ ಮತ್ತು ವಿಂಡ್ಸರ್ ನಗರಗಳ ಬಳಿ ಪತ್ತೆಯಾಯಿತು. ಅದು ಕೋಟ್ಯಂತರ ಆಶ್ ಮರಗಳನ್ನು ಕೊಂದಿದೆ. ದೂರದೂರಕ್ಕೆ ಅದು ಹರಡಿದ್ದು ಬಹುಮಟ್ಟಿಗೆ ಸೌದೆಯ ಸಾಗಣೆಯಿಂದ. ಆದಕಾರಣ ತಕ್ಕಷ್ಟು ಶಾಖದಲ್ಲಿ ಸಂಸ್ಕರಿಸಿದ್ದೆಂಬ ಪ್ರಮಾಣಪತ್ರವಿಲ್ಲದ ಸೌದೆಯನ್ನು ಗಡಿಯಾಚೆಗೆ ಒಯ್ಯುವಂತಿಲ್ಲ.

ಎರೆಹುಳುವಿನ ಪ್ರಶ್ನೆ

ಕನ್ನಡದಲ್ಲಿ ಎರೆಯೆಂದರೆ ಗಾಳಕ್ಕೆ ಸಿಕ್ಕಿಸುವ ಆಹಾರ ಎಂಬ ಅರ್ಥವೂ ಇದೆ. ಆ ಹೆಸರನ್ನೇ ಹೊತ್ತ ಎರೆಹುಳುವನ್ನು ಮಾತ್ರ ಆಂಟೇರಿಯೊ ಒಳಕ್ಕೆ ಬಿಡುತ್ತದೆ. ಆದರೆ ಒಂದು ಷರತ್ತಿದೆ: ಹುಳುವನ್ನು ಮಣ್ಣಿನಲ್ಲಿ ಇಟ್ಟಿರಬಾರದು, ಕಾಗದದ ಚೂರು ಮೊದಲಾದ ಕೃತಕ ಹಾಸಿನಲ್ಲಿಟ್ಟಿರಬೇಕು. ಬೇರುಗಳಿಗೆ ತಗುಲುವ ರೋಗಬೀಜಗಳೂ ಕ್ರಿಮಿಗಳ ಮೊಟ್ಟೆಗಳೂ ಮಣ್ಣಿನಲ್ಲಿರಬಹುದು. ಹುಳುವಿಗಿಂತ ಅದು ಬರುವ ಮಣ್ಣಿನ ಮೇಲೆಯೇ ಇಲ್ಲಿ ಅನುಮಾನ.

ಈ ವಿನಾಯಿತಿಯಲ್ಲಿ ಎರಡು ಸ್ವಾರಸ್ಯಗಳಿವೆ. ಅಮೆರಿಕದ ಅಂಗಡಿಗಳಲ್ಲಿ ಮಾರುವ ದಪ್ಪ ಎರೆಹುಳುಗಳ ಬಹುಭಾಗ ನೈರುತ್ಯ ಆಂಟೇರಿಯೊದ ಹೊಲಗಳಲ್ಲಿ ಕೂಲಿಗಾರರು ರಾತ್ರಿಯ ವೇಳೆ ದೀಪ ಹಿಡಿದು ಕೈಯಿಂದ ಆರಿಸಿದವು. ಪ್ರವಾಸಿ ಕೊಂಡು ತಂದ ಹುಳು ತನ್ನ ತವರಿಗೇ ಹಿಂದಿರುಗುತ್ತಿರಬಹುದು. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಹಿಮಯುಗದಲ್ಲಿ ಮಂಜಿನ ಹಾಸು ಮುಚ್ಚಿದ್ದ ಆ ಉತ್ತರ ಪ್ರದೇಶದ ಕಾಡುಗಳು ಮಂಜು ಕರಗಿದ ಮೇಲೆ ಎರೆಹುಳುವಿಲ್ಲದೆಯೇ ಬೆಳೆದವು. ಈಗ ಅಲ್ಲಿರುವ ಹುಳುಗಳು ಪ್ರಧಾನವಾಗಿ ಯೂರೋಪಿನಿಂದ ವಲಸೆ ಬಂದವು. ನಮ್ಮ ರೈತನ ಮಿತ್ರನೆನಿಸಿದ ಈ ಜೀವಿ ಅಲ್ಲಿನ ಕಾಡಿನಲ್ಲಿ ತರಗೆಲೆಯ ಹಾಸನ್ನು ತಿಂದು ಮುಗಿಸಿ, ಅದನ್ನೇ ಆಶ್ರಯಿಸಿದ ಎಳೆಗಿಡಗಳನ್ನು ನಾಶಮಾಡುತ್ತದೆ. ಆದಕಾರಣ ಉಳಿದ ಹುಳುವನ್ನು ದಡದಲ್ಲಿ ಚೆಲ್ಲಿ ಬರುವುದೂ ತಪ್ಪೇ. ಶಾಸನ ಅನುಮತಿಸಿದ್ದೆಲ್ಲವೂ ನಿರಪಾಯವೆಂದು ತಿಳಿಯಬಾರದೆಂಬುದಕ್ಕೆ ಇದು ನಿದರ್ಶನ.

ನಿಜವಾದ ಗಡಿ ಯಾವುದು?

ಇಲ್ಲಿ ಒಂದು ಆಕ್ಷೇಪ ಏಳಬಹುದು. ಎರಡು ದೇಶಗಳ ಗಡಿರೇಖೆ ಲೇಕ್ ಆಫ್ ದಿ ವುಡ್ಸ್ ಎಂಬ ವಿಶಾಲ ಸರೋವರದ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ಮೀನು ದಿನಕ್ಕೆ ಹತ್ತು ಸಲ ಗಡಿ ದಾಟೀತು. ಹೀಗಿರುವಲ್ಲಿ ಬಕೀಟಿನ ಮೀನನ್ನು ತಡೆಯುವುದರಿಂದ ಏನು ಪ್ರಯೋಜನ?

ಆಕ್ಷೇಪದಲ್ಲಿ ಸತ್ಯಾಂಶವಿದೆ. ಮೀನಿಗೆ ಗಡಿ ರಾಜ್ಯದ ರೇಖೆಯಲ್ಲ, ನೀರಿನ ದಿಣ್ಣೆ. ಮಿನ್ನೆಸೋಟದ ಹಿಬ್ಬಿಂಗ್ ಊರಿನ ಉತ್ತರಕ್ಕೆ ಒಂದು ಗುಡ್ಡವಿದೆ. ಅದರ ಮೇಲೆ ಬಿದ್ದ ಮಳೆನೀರು ಮೂರು ದಿಕ್ಕಿಗೆ ಹರಿಯುತ್ತದೆ: ಒಂದು ಪಾಲು ಮಿಸಿಸಿಪಿಯ ಮೂಲಕ ಮೆಕ್ಸಿಕೊ ಕೊಲ್ಲಿಗೆ, ಒಂದು ಪಾಲು ಮಹಾಸರೋವರಗಳ ಮೂಲಕ ಅಟ್ಲಾಂಟಿಕ್ ಸಾಗರಕ್ಕೆ, ಇನ್ನೊಂದು ಉತ್ತರದ ಹಡ್ಸನ್ ಕೊಲ್ಲಿಗೆ. ಮಿನಿಯಾಪೊಲಿಸ್ ನಗರದಿಂದ ಫೋರ್ಟ್ ಫ್ರಾನ್ಸಿಸ್‌ಗೆ ಸುಮಾರು ೪೭೦ ಕಿಲೋಮೀಟರ್. ಅಷ್ಟು ದೂರ ಒಂದೇ ಹಗಲಿನಲ್ಲಿ ಬಂದ ಪ್ರವಾಸಿ ಮಿಸಿಸಿಪಿಯ ಜೀವಿಯನ್ನು ಹಡ್ಸನ್ ಕೊಲ್ಲಿಯ ಜಲಾನಯನಕ್ಕೆ ತಂದಂತಾಯಿತು. ಯಾವ ಮೀನೂ ತಾನಾಗಿ ಏರಲಾರದ ದಿಣ್ಣೆಯನ್ನು ಬಕೀಟು ಏರಿಸುತ್ತದೆ. ನಿಯಮ ತಡೆಯುವುದು ಇದನ್ನು. ಸುಂಕದ ಕಟ್ಟೆ ದಿಣ್ಣೆಯ ನೆತ್ತಿಯ ಮೇಲಿಲ್ಲದಿದ್ದರೂ ಅಲ್ಲಿ ತಡೆಯುವ ಅಧಿಕಾರಿ ಇರುವುದರಿಂದ ತಡೆ ಅಲ್ಲಿ ಬಂದಿದೆ.

ಆಂಟೇರಿಯೊ ತನ್ನ ಸ್ವಂತ ಪ್ರಜೆಗಳಿಗೂ ಇದೇ ತತ್ತ್ವವನ್ನು ಅನ್ವಯಿಸಿದೆ. ೨೦೨೨ರ ಜನವರಿ ೧ರಿಂದ ಪ್ರಾಂತ್ಯವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಗಾಳದ ಮೀನನ್ನಾಗಲಿ ಜಿಗಣೆಯನ್ನಾಗಲಿ ಒಂದು ವಲಯದಿಂದ ಇನ್ನೊಂದಕ್ಕೆ ಒಯ್ಯಬಾರದೆಂದು ವಿಧಿಸಿದೆ. ಪ್ರವಾಸಿ ಅವನ್ನು ಮೀನು ಹಿಡಿಯುವ ವಲಯದಲ್ಲಿಯೇ ಕೊಂಡು, ರಸೀದಿಯನ್ನು ಇಟ್ಟುಕೊಂಡು, ಎರಡು ವಾರಗಳೊಳಗೆ ಬಳಸಬೇಕು. ಉಳಿದುದನ್ನೂ ಬಕೀಟಿನ ನೀರನ್ನೂ ಸರೋವರದಿಂದ ೩೦ ಮೀಟರಿನೊಳಗೆ ಚೆಲ್ಲಬಾರದು. ಗಡಿಗೆ ಹೊಂದಿಕೊಂಡ ಕ್ವೆಟಿಕೊ ಉದ್ಯಾನದ ಸರೋವರಗಳಲ್ಲಿ ಸಜೀವ ಎರೆಗೆ ಆಸ್ಪದವೇ ಇಲ್ಲ. ಕೃತಕ ಎರೆಯನ್ನೇ ಬಳಸಬೇಕು.

ಅದೇ ದಿನದಿಂದ ದೋಣಿಗೂ ಒಂದು ನಿಯಮ ಬಂದಿತು: ನೆಲದ ಮೇಲೆ ಸಾಗಿಸುವಾಗ ದೋಣಿಯ ತಳದ ಬಿರಡೆಯನ್ನು ತೆಗೆದು ನೀರನ್ನು ಬಸಿದಿರಬೇಕು, ಅಂಟಿಕೊಂಡ ಸಸ್ಯಗಳನ್ನು ಕಿತ್ತಿರಬೇಕು. ಕಪ್ಪುಸಮುದ್ರ ಮತ್ತು ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಮಸೆಲ್ ಎಂಬ ಪಟ್ಟೆಯ ಕಪ್ಪೆಚಿಪ್ಪು ಹಡಗುಗಳು ಭಾರಕ್ಕೆಂದು ತುಂಬಿಕೊಂಡ ನೀರಿನಲ್ಲಿ ಬಂದು, ೧೯೮೮ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡಿತು. ೨೦೧೩ರಲ್ಲಿ ಅದು ಪಶ್ಚಿಮದ ವಿನಿಪೆಗ್ ಸರೋವರದಲ್ಲಿಯೂ ಪತ್ತೆಯಾಯಿತು. ಇದರ ಮರಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ದೋಣಿಯ ತಳದಲ್ಲಿ ಉಳಿದ ಒಂದು ಬೊಗಸೆ ನೀರು ಅದಕ್ಕೆ ಸಾಕಾದ ವಾಹನ.

ಹಿಂದಿರುಗುವಾಗ

ಹಿಂದಿರುಗುವ ಪ್ರವಾಸಿಯ ಪೆಟ್ಟಿಗೆಯಲ್ಲಿ ಹಿಡಿದ ಮೀನಿರುತ್ತದೆ. ಅದನ್ನು ಎಷ್ಟು, ಯಾವ ಜಾತಿ ಎಂದು ಗುರುತಿಸಲು ಬರುವಂತೆ ಕಟ್ಟಿರಬೇಕು. ತುಂಡುಗಳ ಮೇಲೆ ಸ್ವಲ್ಪ ಚರ್ಮವನ್ನು ಉಳಿಸುವುದು ಇದಕ್ಕಾಗಿಯೇ. ವಾಲ್‌ಐ, ಪೈಕ್, ಟ್ರೌಟ್ ಪ್ರತಿಯೊಂದಕ್ಕೂ ಬೇರೆ ಬೇರೆ ಮಿತಿಯಿದೆ. ಪೂರ್ಣ ಪರವಾನಗಿಗೂ ಸಂರಕ್ಷಣ ಪರವಾನಗಿಗೂ ಅದು ಭಿನ್ನ. ಮಿತಿಮೀರಿ ತಂದವನು ಕೆನಡದ ನಿಯಮವನ್ನು ಮುರಿದುದಲ್ಲದೆ, ಅಮೆರಿಕದ ೧೯೦೦ರ ಲೇಸಿ ಶಾಸನ ಮತ್ತು ಅದರ ತಿದ್ದುಪಡಿಗಳ ಪ್ರಕಾರ ತನ್ನ ದೇಶದಲ್ಲಿಯೂ ಅಪರಾಧಿಯಾಗುತ್ತಾನೆ.

ಉಪಸಂಹಾರ

ನಮ್ಮ ನಾಡಿಗೂ ಈ ಪಾಠ ಹೊರತಲ್ಲ. ಕಾವೇರಿಯ ನೀರಿಗೆ ಮಾತ್ರ ಸೇರಿದ ಗೂನುಬೆನ್ನಿನ ಮಹಸೀರ್ ಮೀನಿಗೆ ೨೦೧೮ರಲ್ಲಿ ಶಾಸ್ತ್ರೀಯ ನಾಮ ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚನ್ನು ಮುಟ್ಟಿದ ಜೀವಿಗಳ ಪಟ್ಟಿಯನ್ನೂ ಸೇರಿತು. ಅಣೆಕಟ್ಟು, ಮರಳುಗಣಿ, ಸಿಡಿಮದ್ದಿನ ಬೇಟೆಗಳ ಜೊತೆಗೆ, ಬೇರೆ ನದಿಯ ನೀಲಿರೆಕ್ಕೆಯ ಮಹಸೀರನ್ನು ಸದುದ್ದೇಶದಿಂದಲೇ ತಂದು ಬಿಟ್ಟುದನ್ನೂ ಸಂಶೋಧಕರು ಅದರ ಅವನತಿಯ ಕಾರಣಗಳಲ್ಲಿ ಎಣಿಸುತ್ತಾರೆ. ಅಲ್ಲಿ ಯಾವ ದೇಶದ ಗಡಿಯೂ ಇರಲಿಲ್ಲ, ತಡೆಯುವ ಸುಂಕದ ಕಟ್ಟೆಯೂ ಇರಲಿಲ್ಲ.

ಸುಂಕದ ಪದ್ಧತಿ ಹುಟ್ಟಿದ್ದು ತೂಗಿ, ಅಳೆದು, ಎಣಿಸಬಹುದಾದ ಸರಕಿಗಾಗಿ. ಒಂದು ಡಬ್ಬಿ ಬಿಯರ್ ಹೆಚ್ಚಾಗಿ ಒಳಗೆ ಬಂದರೆ ಬೊಕ್ಕಸಕ್ಕೆ ನಾಲ್ಕು ಕಾಸು ನಷ್ಟ; ಸಂಜೆಗೆ ಅದು ಮುಗಿಯುತ್ತದೆ. ಒಂದು ಕ್ರೇಫಿಷ್ ಹೆಚ್ಚಾಗಿ ಬಂದರೆ ಆದ ನಷ್ಟವನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ. ನೆಲೆಯೂರಿದ ಜೀವಿಯನ್ನು ದೊಡ್ಡ ಸರೋವರದಿಂದ ಮತ್ತೆ ಹೊರದೂಡುವುದು ಅಸಾಧ್ಯವೆನ್ನುವಷ್ಟು ಕಷ್ಟ. ಸುಂಕದ ಕಟ್ಟೆಯಲ್ಲಿ ಅಧಿಕಾರಿ ಒಂದು ಸಲ ಮಾತ್ರ ಕೇಳುತ್ತಾನೆ. ಆ ಬಳಿಕ ಎರಡೂವರೆ ಲಕ್ಷ ಸರೋವರಗಳ ದಡದಲ್ಲಿ ಕೇಳುವವರು ಯಾರೂ ಇಲ್ಲ. ಸಂಜೆಯ ವೇಳೆ ಬಕೀಟನ್ನು ಹಿಡಿದು ನಿಂತ ಪ್ರವಾಸಿ ಅದನ್ನು ನೀರಿಗೆ ಬಗ್ಗಿಸದೆ ಮೂವತ್ತು ಮೀಟರ್ ಹಿಂದಕ್ಕೆ ನಡೆಯುವನೇ ಎಂಬುದರ ಮೇಲೆ ಈ ಎಲ್ಲ ನಿಯಮಗಳ ಸಾರ್ಥಕತೆ ನಿಂತಿದೆ.