ಮದುವೆಯ ಫೋಟೋ: ಕ್ಯಾಮೆರಾ ಎತ್ತುವ ಮುನ್ನ

ಮದುವೆ ಮನೆಯ ಚಪ್ಪರ ಬಿಚ್ಚಿದ ಮೇಲೆ ಉಳಿಯುವುದೇನು? ಬ್ಯಾಂಡಿನ ಸದ್ದು ಎರಡು ದಿನ, ಊಟದ ಮಾತು ನಾಲ್ಕು ದಿನ. ವರುಷಗಳ ನಂತರವೂ ಕಪಾಟಿನಿಂದ ಹೊರಬರುವುದು ಆಲ್ಬಮ್ ಒಂದೇ. ಆ ಆಲ್ಬಮ್ ಮಾಡುವ ಕೆಲಸಕ್ಕೆ ಇಂದು ನಮ್ಮ ಧರ್ಮಕೇಂದ್ರಗಳ ಅನೇಕ ಯುವಕ ಯುವತಿಯರು ಕೈಹಾಕುತ್ತಿದ್ದಾರೆ. ಕಾಸರಗೋಡಿನ ಈ ಗಡಿನಾಡಿನಲ್ಲಿ ನಾವಿಬ್ಬರು ಅಣ್ಣತಮ್ಮಂದಿರು ಸಹ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಒಂದನ್ನು ಹೆಗಲಿಗೇರಿಸಿಕೊಂಡು ಹಾಗೆಯೇ ಹೊರಟವರು. ನಡೆದದ್ದಕ್ಕಿಂತ ಎಡವಿದ್ದೇ ಹೆಚ್ಚು. ನಾವು ಎಡವಿದ ಕಲ್ಲಿಗೆ ಇನ್ನೊಬ್ಬರು ಎಡವದಿರಲಿ ಎಂದು ಈ ನಾಲ್ಕು ಮಾತು.

ತಪ್ಪಿಹೋದ ಕ್ಷಣ

ನಮ್ಮ ಕಡೆಯ ಲ್ಯಾಟಿನ್ ವಿಧಿಯ ಮದುವೆ ಬಾಲ್ಯದಿಂದಲೇ ಪರಿಚಿತ. ಪ್ರಬೋಧನೆಯ ನಂತರ ವಧೂವರರು ಬಲಗೈ ಹಿಡಿದು ಸಮ್ಮತಿ ನೀಡುತ್ತಾರೆ, ಆಮೇಲೆ ಉಂಗುರ. ಇಷ್ಟು ಗೊತ್ತಿದ್ದರೆ ಸಾಕೆಂದು ಭಾವಿಸಿದ್ದೆವು. ಒಮ್ಮೆ ಜಿಲ್ಲೆಯ ಪೂರ್ವದ ಬೆಟ್ಟದ ಊರೊಂದರಲ್ಲಿ ಸಿರೋ ಮಲಬಾರ್ ವಿಧಿಯ ಮದುವೆಗೆ ಕರೆ ಬಂತು. ಕೈಹಿಡಿದು ಸಮ್ಮತಿ ನೀಡಿದ್ದಾಯಿತು. ಮುಖ್ಯ ಭಾಗ ಮುಗಿಯಿತೆಂದು ನಾವು ಬದಿಗೆ ಸರಿದು ಬ್ಯಾಟರಿ ಬದಲಾಯಿಸುತ್ತಾ ಕುಳಿತೆವು. ತಲೆ ಎತ್ತುವಷ್ಟರಲ್ಲಿ ವರನು ಮಿನ್ನು ಕಟ್ಟಿ ಆಗಿತ್ತು.

ಮದುಮಗಳಿಗೆ ಹೊದಿಸುವ ಮಂತ್ರಕೋಡಿ ಸೀರೆಯಿಂದಲೇ ತೆಗೆದ ಏಳು ಎಳೆಗಳಲ್ಲಿ ಮಿನ್ನನ್ನು ಪೋಣಿಸುವ ಸಂಪ್ರದಾಯ ಅವರದು. ಅದು ಆ ಮನೆಯವರಿಗೆ ಎಷ್ಟು ದೊಡ್ಡದೆಂದು ನಮಗೆ ತಿಳಿದದ್ದು ಆಮೇಲೆ. ಬಲಿಪೂಜೆ ಮುಗಿದ ಮೇಲೆ ಇಬ್ಬರನ್ನೂ ಮತ್ತೆ ನಿಲ್ಲಿಸಿ ಕಟ್ಟಿದಂತೆ ಮಾಡಿಸಿ ಫೋಟೋ ತೆಗೆದೆವು. ಚಿತ್ರವೇನೋ ಸ್ಪಷ್ಟವಾಗಿಯೇ ಬಂತು. ಆದರೆ ವರನ ತಾಯಿ ಅದನ್ನು ನೋಡಿ, “ಕಟ್ಟುವಾಗ ಅವನ ಕೈ ನಡುಗುತ್ತಿತ್ತು. ಇದರಲ್ಲಿ ನಡುಗುತ್ತಿಲ್ಲ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಗೊತ್ತಿರುವ ಚರ್ಚೇ ಆಗಲಿ, ಗೊತ್ತಿಲ್ಲದ ವಿಧಿಯೇ ಆಗಲಿ, ಹಿಂದಿನ ದಿನವೇ ಹೋಗಿ ಧರ್ಮಗುರುಗಳನ್ನು ಕಾಣುವುದು. ಯಾವುದರ ನಂತರ ಯಾವುದು, ವಧೂವರರು ಎತ್ತ ಮುಖಮಾಡಿ ನಿಲ್ಲುತ್ತಾರೆ, ನಾವು ಎಲ್ಲಿ ನಿಲ್ಲಬಹುದು ಎಂದು ಕೇಳಿ ಚೀಟಿಯಲ್ಲಿ ಬರೆದುಕೊಳ್ಳುವುದು.

ಬಲಿಪೀಠದ ಮುಂದೆ ನಮ್ಮ ಸ್ಥಾನ

1967ರಲ್ಲಿ ರೋಮಿನಿಂದ ಹೊರಟ ‘ಯೂಖರಿಸ್ತಿಕುಮ್ ಮಿಸ್ತೇರಿಯುಮ್’ ಎಂಬ ಸೂಚನಾಪತ್ರವು ಫೋಟೋ ತೆಗೆಯುವವರ ಬಗ್ಗೆಯೂ ಹೇಳಿದೆ. ಫೋಟೋದಿಂದ ಬಲಿಪೂಜೆಗೆ ಅಡಚಣೆಯಾಗಬಾರದು. ಸರಿಯಾದ ಕಾರಣವಿದ್ದಾಗ ಬಹಳ ಸಂಯಮದಿಂದ, ಧರ್ಮಾಧ್ಯಕ್ಷರ ನಿಯಮದಂತೆ ತೆಗೆಯಬೇಕು ಎಂಬುದು ಅದರ ಸಾರ. ಫಿಲಂ ರೋಲಿನ ಕಾಲದ ಮಾತಿದು. ಒಂದು ರೋಲಿಗೆ 36 ಚಿತ್ರ ಇದ್ದಾಗಲೇ ಹೀಗೆ ಹೇಳಬೇಕಾಗಿತ್ತೆಂದರೆ, ಲೆಕ್ಕವಿಲ್ಲದೆ ಕ್ಲಿಕ್ಕಿಸುವ ಇಂದು ನಾವು ಎಷ್ಟು ಎಚ್ಚರವಾಗಿರಬೇಕು!

ಗುರುಗಳಿಗೂ ವಧೂವರರಿಗೂ ನಡುವೆ ನುಗ್ಗಬೇಡಿ. ಬದಿಯ ಕಂಬದ ಪಕ್ಕ ಒಂದು ಜಾಗ ಹಿಡಿದು ನಿಂತರೆ ಎರಡೂ ಮುಖಗಳು ಸಿಗುತ್ತವೆ. ಇನ್ನೊಬ್ಬರಿದ್ದರೆ ಅವರು ಎದುರು ಬದಿಯಲ್ಲಿ ನಿಲ್ಲಲಿ. ವಾಚನ, ಪ್ರಬೋಧನೆಗಳ ಹೊತ್ತು ಕುಳಿತುಬಿಡಿ. ಕ್ಯಾಮೆರಾದ ಬೀಪ್ ಸದ್ದನ್ನು ಮೊದಲೇ ನಿಲ್ಲಿಸಿ. ಪ್ರತಿಷ್ಠಾಪನೆಯ ವೇಳೆ ಫ್ಲ್ಯಾಶ್ ಬೇಡವೇ ಬೇಡ.

ಬೆಳಕಿನ ಪಾಠ

ಫ್ಲ್ಯಾಶ್ ಇಲ್ಲದೆ ಹೇಗೆ ಎಂದು ಹೊಸಬರು ಕೇಳುವುದುಂಟು. ದುಬಾರಿ ಕ್ಯಾಮೆರಾಕ್ಕೆ ಸಾಲ ಮಾಡುವ ಮೊದಲು 50 ಎಂ.ಎಂ., ಎಫ್ 1.8ರ ಚಿಕ್ಕ ಲೆನ್ಸ್ ಒಂದನ್ನು ಕೊಳ್ಳಿ. ಲೆನ್ಸ್‌ಗಳಲ್ಲಿ ಅಗ್ಗದ್ದು, ಮಬ್ಬು ಬೆಳಕಿನಲ್ಲೂ ಕೈಬಿಡದು. ಐ.ಎಸ್.ಓ. 1600 ಅಥವಾ 3200ಕ್ಕೆ ಏರಿಸಲು ಹೆದರಬೇಡಿ. ಚಿತ್ರ ಸ್ವಲ್ಪ ತರಿತರಿಯಾದರೆ ಯಾರೂ ಬೇಸರಿಸುವುದಿಲ್ಲ, ಅಲುಗಾಡಿದರೆ ಮಾತ್ರ ಏನೂ ಮಾಡಲಾಗದು.

ಟ್ಯೂಬ್‌ಲೈಟ್, ಎಲ್.ಇ.ಡಿ. ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟಿಪಟ್ಟಿ ಬರುವುದನ್ನು ಕಂಡಿರಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಆದ್ದರಿಂದ ಇಂಥ ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಕಣ್ಣಿಗೆ ಕಾಣದು. ಶಟರ್ ವೇಗವನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟಿ ಬಹುಮಟ್ಟಿಗೆ ಮಾಯ.

ಇನ್ನೊಂದು ತೊಡಕು ಮದುಮಗಳ ಬಿಳಿ ಉಡುಪಿನದು. ಚೌಕಟ್ಟಿನ ತುಂಬಾ ಬಿಳಿಯೇ ಇದ್ದರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಿಳಿದು ಅದನ್ನು ಬೂದು ಮಾಡುತ್ತದೆ. ಮಹಾದ್ವಾರದಿಂದ ಅವಳು ಒಳಬರುವಾಗ ಹಿಂದೆ ಬಿಸಿಲಿದ್ದರೆ ಮುಖ ಕಪ್ಪಾಗುತ್ತದೆ. ಎರಡೂ ಕಡೆ ಎಕ್ಸ್‌ಪೋಷರ್ ಅನ್ನು ಸುಮಾರು ಒಂದು ಹಂತ ಏರಿಸಬೇಕು. ಇದನ್ನು ಮದುವೆಯ ದಿನ ಕಲಿಯಲಾಗದು. ಮನೆಯ ಬಾಗಿಲಲ್ಲಿ ತಂಗಿಯನ್ನು ಬಿಳಿ ಬಟ್ಟೆಯಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿ. ಹಣ ಕೇಳುವ ಮೊದಲು ಅನುಭವಿಗಳೊಬ್ಬರ ಬೆನ್ನಿಗೆ ಹತ್ತು ಮದುವೆಗೆ ಹೋಗಿ, ಬೇಕಾದರೆ ಅವರ ಬ್ಯಾಗನ್ನೇ ಹೊತ್ತುಕೊಳ್ಳಿ. ರಾತ್ರಿ ಕುಳಿತು ಕೆಟ್ಟ ಚಿತ್ರಗಳನ್ನು ಅಳಿಸುವ ಮೊದಲು ಏಕೆ ಕೆಟ್ಟಿತೆಂದು ನೋಡಿ. ನಮ್ಮ ನಿಜವಾದ ಗುರುಗಳು ಆ ಕೆಟ್ಟ ಚಿತ್ರಗಳೇ.

ಕೇಕಿನ ಹಿಂದಿನ ಅಜ್ಜಿ

ಇದೆಲ್ಲ ಕಲಿತ ಮೇಲೂ ಒಂದು ಕೊರತೆ ಉಳಿದಿತ್ತು. ಒಂದು ಮದುವೆಯಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಚಿತ್ರ ತೆಗೆದು ಹೆಮ್ಮೆಪಟ್ಟಿದ್ದೆವು. ನಾಲ್ಕು ತಿಂಗಳ ಮೇಲೆ ಮದುಮಗನ ತಂದೆ ನಮ್ಮ ಮನೆಗೆ ಬಂದರು. “ಅಮ್ಮ ತೀರಿಕೊಂಡರು ಮಕ್ಕಳೇ. ಮದುವೆಯಲ್ಲಿ ತೆಗೆದ ಒಳ್ಳೆಯ ಫೋಟೋ ಇದ್ದರೆ ಒಂದು ಕೊಡಿ” ಎಂದರು. ಇಡೀ ರಾತ್ರಿ ಹುಡುಕಿದೆವು. ಉಂಗುರದ ಚಿತ್ರ ಇಪ್ಪತ್ತು, ಕೇಕಿನದು ನಲವತ್ತು. ಅಜ್ಜಿಯದು ಒಂದೇ, ಅದೂ ಅರ್ಧ ಮುಖ ಕೇಕಿನ ಹಿಂದೆ. ಅವರು ಒಂದು ಮಾತೂ ಅನ್ನದೆ ಅದನ್ನೇ ತೆಗೆದುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ನಾವು ಮನೆಯವರೊಡನೆ ದರಕ್ಕಿಂತ ಮೊದಲು ಹಿರಿಯರ ವಿಷಯ ಕೇಳುತ್ತೇವೆ. ಮನೆಯಲ್ಲಿ ಯಾರು ಯಾರು ಇದ್ದಾರೆ? ಚರ್ಚಿಗೆ ಬರಲಾಗದೆ ಹಾಸಿಗೆ ಹಿಡಿದವರು ಯಾರು? ಊರಿಂದ ಬಹಳ ವರ್ಷಕ್ಕೆ ಬಂದವರು ಯಾರು? ರೋಸ್‌ನ ಸಂಜೆ ತೆಂಗಿನ ಹಾಲು ಹಚ್ಚುವ ಅಜ್ಜಿಯ ಕೈಗಳನ್ನೂ ಮುಖವನ್ನೂ ಹತ್ತಿರದಿಂದ ಹಿಡಿಯುತ್ತೇವೆ. ಮದುವೆಯ ಬೆಳಿಗ್ಗೆ ಚರ್ಚಿಗೆ ಹೊರಡುವ ಮುನ್ನ ಐದು ನಿಮಿಷ, ಜಗಲಿಯ ಬೆಳಕಿನಲ್ಲಿ ಹಿರಿಯರ ಪಕ್ಕ ಮದುಮಗಳನ್ನು ಕೂರಿಸುತ್ತೇವೆ.

ಕಾಪಾಡುವ ಹೊಣೆ

ತೆಗೆದರೆ ಮುಗಿಯಲಿಲ್ಲ. ಕ್ಯಾಮೆರಾದಲ್ಲಿ ಎರಡು ಕಾರ್ಡಿಗೆ ಜಾಗವಿದ್ದರೆ ಎರಡರಲ್ಲೂ ದಾಖಲಾಗಲಿ. ಅದೇ ರಾತ್ರಿ ಮಲಗುವ ಮುನ್ನ ಪ್ರತಿ ಮಾಡಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲೊಂದು ಬೇರೆ ಮನೆಯಲ್ಲಿರಲಿ. ಆಲ್ಬಮ್ ತಲುಪುವ ತನಕ ಕಾರ್ಡು ಅಳಿಸಬೇಡಿ. ದರ, ಎಷ್ಟು ಚಿತ್ರ, ಯಾವಾಗ ಕೊಡುವುದು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡರೆ ನೆಂಟಸ್ತಿಕೆ ಕೆಡುವುದಿಲ್ಲ.

ಕುಟುಂಬದವರಲ್ಲೂ ಒಂದು ವಿನಂತಿ. ಗುಂಪು ಚಿತ್ರಗಳ ಪಟ್ಟಿಯನ್ನು ಮೊದಲೇ ಕೊಡಿ. ವಧೂವರರು ಹಸಿದು ನಿಲ್ಲುವುದು ತಪ್ಪುತ್ತದೆ. ಮಗಳು ಒಳಬರುವಾಗ ಮೊಬೈಲ್ ಕೆಳಗಿಟ್ಟು ಕಣ್ಣಿನಿಂದ ನೋಡಿ. ಹೊಸ ಹುಡುಗರು ಬಂದರೆ ಅಜ್ಜಿ ಎಲ್ಲಿ ಕುಳಿತಿದ್ದಾರೆಂದು ನೀವೇ ಕೈತೋರಿಸಿ. ಅವರಿಗೆ ಗೊತ್ತಿರುವುದಿಲ್ಲ, ನಮಗೂ ಗೊತ್ತಿರಲಿಲ್ಲ.