ಕಂಪ್ಯೂಟರಿನ ವೇಗದ ಅಂಕಿಗಳನ್ನು ಓದುವ ಬಗೆ



ಗೊಬ್ಬರ ಕೊಳ್ಳುವಾಗ ಚೀಲದ ಮೇಲಿನ 10-26-26 ಎಂಬ ಅಂಕಿಗಳನ್ನು ನೀವು ಓದುತ್ತೀರಿ. ಯಾವುದು ಸಾರಜನಕದ್ದು, ಯಾವುದು ರಂಜಕದ್ದು, ಯಾವುದು ಪೊಟ್ಯಾಷಿನದು ಎಂದು ಬಲ್ಲ ರೈತನು ಅಂಗಡಿಯಲ್ಲಿ ಸುಲಭವಾಗಿ ಮೋಸಹೋಗುವುದಿಲ್ಲ. ಮನೆಯ ಕಂಪ್ಯೂಟರಿನ ಮಾತೂ ಹೀಗೆಯೇ. ಮಕ್ಕಳ ಓದಿಗೆ, ಪಹಣಿ ನೋಡುವುದಕ್ಕೆ, ಪೇಟೆಯ ಧಾರಣೆ ತಿಳಿಯುವುದಕ್ಕೆ ಈ ಯಂತ್ರ ಈಗ ಅನೇಕ ಮನೆಗಳಲ್ಲಿದೆ. ಅದು ನಿಧಾನವಾಯಿತೆಂದರೆ ಹೊಸ ಭಾಗ ಹಾಕಿಸಲು ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಬಿಲ್ಲಿನಲ್ಲಿ ಒಂದು ಅಂಕಿ, ಪರದೆಯ ಮೇಲೆ ಇನ್ನೊಂದು ಅಂಕಿ ಕಂಡರೆ ಜಗಳವೂ ಆಗುತ್ತದೆ. ಅಂಕಿಗಳ ಅರ್ಥ ತಿಳಿದರೆ ಈ ಎರಡನ್ನೂ ತಪ್ಪಿಸಬಹುದು.

ಎತ್ತು, ಕಣ, ಕಣಜ

ಕಂಪ್ಯೂಟರಿನೊಳಗೆ ಮುಖ್ಯವಾಗಿ ಮೂರು ಭಾಗಗಳನ್ನು ಗುರುತಿಸಿರಿ. ಲೆಕ್ಕದ ಕೆಲಸವನ್ನೆಲ್ಲ ಮಾಡುವುದು ಪ್ರೊಸೆಸರು. ಇದು ಎತ್ತು ಇದ್ದಂತೆ. ಸದ್ಯದ ಕೆಲಸವನ್ನು ಹರಡಿಕೊಳ್ಳುವ ಜಾಗ ಮೆಮೊರಿ, ಇದು ಕಣ. ಎಲ್ಲವನ್ನೂ ಶಾಶ್ವತವಾಗಿ ತುಂಬಿಡುವುದು ಡಿಸ್ಕು, ಇದು ಕಣಜ. ಎತ್ತಿನ ನಡಿಗೆ ಬೇರೆ, ಕಣದ ಅಗಲ ಬೇರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಿಡಿಯಬಾರದು.

ಅಂಕಿ ಎಲ್ಲಿ ಕಾಣುತ್ತದೆ?

ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ಎಂಬ ಭಾಗಕ್ಕೆ ಹೋದರೆ ಪ್ರೊಸೆಸರಿಗೂ ಮೆಮೊರಿಗೂ ಬೇರೆ ಬೇರೆ ಪುಟಗಳಿವೆ. ಇನ್ನೂ ವಿವರ ಬೇಕಾದವರು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಬಳಸುತ್ತಾರೆ.

ಅಳತೆಯ ಹೆಸರು ಹರ್ಟ್ಸ್. 1 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 10 ಲಕ್ಷ ಮಿಡಿತ. 1 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 100 ಕೋಟಿ ಮಿಡಿತ.

ಪ್ರೊಸೆಸರಿನ ಅಂಕಿ ಏಕೆ ಏರಿಳಿಯುತ್ತದೆ?

2020 ರಲ್ಲಿ ಬಂದ ಇಂಟೆಲ್ ಕೋರ್ ಐ3-10100 ಎಂಬ ಪ್ರೊಸೆಸರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಮೂಲ ವೇಗ 3.6 ಗಿಗಾಹರ್ಟ್ಸ್, ಗರಿಷ್ಠ ವೇಗ 4.3 ಗಿಗಾಹರ್ಟ್ಸ್. ಆದರೆ ಯಂತ್ರ ಸುಮ್ಮನಿರುವಾಗ ನೋಡಿದರೆ 0.8 ಗಿಗಾಹರ್ಟ್ಸ್ ಎಂದು ತೋರಿಸುವುದುಂಟು. ಅಂಗಡಿಯವನು ಮೋಸಮಾಡಿದನೆಂದು ಕೂಡಲೇ ತಿಳಿಯಬೇಡಿರಿ. ನೊಗ ಬಿಚ್ಚಿ ಕಟ್ಟಿದ ಎತ್ತು ಮೆಲುಕು ಹಾಕುತ್ತಾ ಮಲಗಿದ್ದರೆ ಅದಕ್ಕೆ ಬಲವಿಲ್ಲ ಎನ್ನುತ್ತೇವೆಯೇ? ಕೆಲಸವಿಲ್ಲದಾಗ ಪ್ರೊಸೆಸರು ತಾನಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತದೆ. ಇದರಿಂದ ವಿದ್ಯುತ್ತು ಉಳಿಯುತ್ತದೆ, ಕಾವೂ ಕಡಿಮೆಯಾಗುತ್ತದೆ.

ಆದುದರಿಂದ ಪರೀಕ್ಷೆಯನ್ನು ಕೆಲಸ ಕೊಟ್ಟು ಮಾಡತಕ್ಕದ್ದು. ನಾಲ್ಕಾರು ಪುಟಗಳನ್ನೂ ಒಂದು ವಿಡಿಯೋವನ್ನೂ ಒಟ್ಟಿಗೆ ತೆರೆದು ಅಂಕಿಯನ್ನು ನೋಡಿರಿ. ಅದು ಮೂಲ ವೇಗವನ್ನು ಮುಟ್ಟಿದರೆ ಅಥವಾ ದಾಟಿದರೆ ಪ್ರೊಸೆಸರು ಸರಿಯಾಗಿದೆ. ಪೂರ್ಣ ಕೆಲಸವಿದ್ದಾಗಲೂ ಮೂಲ ವೇಗಕ್ಕಿಂತ ಬಹಳ ಕೆಳಗೇ ನಿಂತರೆ ಮೊದಲು ಫ್ಯಾನನ್ನು ನೋಡಿರಿ. ಹೊಟ್ಟು, ರಸ್ತೆಯ ಧೂಳು ಫ್ಯಾನಿನಲ್ಲಿ ಕಟ್ಟಿಕೊಂಡರೆ ಒಳಗೆ ಕಾವೇರುತ್ತದೆ. ಕಾವೇರಿದ ಪ್ರೊಸೆಸರು ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ವಿದ್ಯುತ್ತನ್ನು ಆರಿಸಿ, ತಂತಿ ಕಳಚಿ, ಮೆದು ಕುಂಚದಿಂದ ಧೂಳು ತೆಗೆದರೆ ಅನೇಕ ವೇಳೆ ಕಾಸಿನ ಖರ್ಚಿಲ್ಲದೆ ಯಂತ್ರ ಸರಿಹೋಗುತ್ತದೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಉಳಿಸುವ ಕ್ರಮದಲ್ಲಿ ಇದೆಯೇ ಎಂಬುದನ್ನೂ ನೋಡಬೇಕು.

ಇನ್ನೊಂದು ಎಚ್ಚರಿಕೆ. ಹಳೆಯ ಯಂತ್ರ ಕೊಳ್ಳುವಾಗ ಗಿಗಾಹರ್ಟ್ಸ್ ಒಂದನ್ನೇ ನಂಬಬೇಡಿರಿ. 2004 ರ ಪೆಂಟಿಯಮ್ 4 ಪ್ರೊಸೆಸರು 3.8 ಗಿಗಾಹರ್ಟ್ಸ್ ವರೆಗೆ ಹೋಗಿತ್ತು. 2006 ರಲ್ಲಿ ಬಂದ ಕೋರ್ 2 ಡ್ಯುಯೊ 2.4 ಗಿಗಾಹರ್ಟ್ಸ್‌ನಲ್ಲಿಯೇ ಅದಕ್ಕಿಂತ ಹೆಚ್ಚು ಕೆಲಸ ಮಾಡಿತು. ಎತ್ತು ಎಷ್ಟು ಹೆಜ್ಜೆ ಹಾಕಿತು ಎಂಬುದಷ್ಟೇ ಅಲ್ಲ, ಒಂದು ಹೆಜ್ಜೆಗೆ ಎಷ್ಟು ನೆಲ ಉತ್ತಿತು ಎಂಬುದೂ ಮುಖ್ಯ.

ಒಂದೇ ಮೆಮೊರಿಗೆ ಮೂರು ಅಂಕಿ

ಇದೇ ಯಂತ್ರಕ್ಕೆ ಡಿಡಿಆರ್4-3200 ಎಂಬ ಮೆಮೊರಿ ಪಟ್ಟಿಯನ್ನು ಹಾಕಿಸಿದಿರೆನ್ನಿ. ಚೀಟಿಯಲ್ಲಿ 3200 ಎಂದಿದೆ. ಟಾಸ್ಕ್ ಮ್ಯಾನೇಜರ್ 2666 ಎನ್ನುತ್ತದೆ. ಸಿಪಿಯು-ಝಡ್ ನಲ್ಲಿ ಸುಮಾರು 1333 ಎಂದು ಕಾಣುತ್ತದೆ. ಮೂರರಲ್ಲಿ ಯಾವುದು ನಿಜ? ಮೂರೂ ನಿಜ.

3200 ಎಂಬುದು ಪಟ್ಟಿಯ ಶಕ್ತಿ. ಆದರೆ ಐ3-10100 ಪ್ರೊಸೆಸರಿಗೆ ತಯಾರಕರು ಗೊತ್ತುಮಾಡಿರುವ ಮೆಮೊರಿ ವೇಗದ ಮಿತಿ 2666. ಆದುದರಿಂದ ಪಟ್ಟಿ ಆ ಮಿತಿಗೆ ಇಳಿದು ಕೆಲಸ ಮಾಡುತ್ತದೆ. ಇನ್ನು 1333 ಏಕೆ? ಕೂರಿಗೆ ಹೊಲದ ಈ ತುದಿಯಿಂದ ಆ ತುದಿಗೆ ಹೋಗುವಾಗಲೂ ಬಿತ್ತುತ್ತದೆ, ತಿರುಗಿ ಬರುವಾಗಲೂ ಬಿತ್ತುತ್ತದೆ. ಸುತ್ತು ಒಂದು, ಸಾಲು ಎರಡು. ಡಿಡಿಆರ್ ಮೆಮೊರಿಯೂ ಹೀಗೆಯೇ ಪ್ರತಿ ಮಿಡಿತದ ಏರಿನಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ಮಾಹಿತಿ ಸಾಗಿಸುತ್ತದೆ. ಸಿಪಿಯು-ಝಡ್ ಸುತ್ತುಗಳನ್ನು ಎಣಿಸುತ್ತದೆ. ಟಾಸ್ಕ್ ಮ್ಯಾನೇಜರ್ ಸಾಲುಗಳನ್ನು ಎಣಿಸುತ್ತದೆ. 1333 ನ್ನು ಎರಡರಿಂದ ಗುಣಿಸಿದರೆ 2666 ಸಿಕ್ಕಿತು.

ಸಿಪಿಯು-ಝಡ್ ನಲ್ಲಿ ಸುಮಾರು 1066 ಎಂದು ಕಂಡರೆ, ಅಂದರೆ 2133 ರ ವೇಗವಾದರೆ, ಕಾರಣ ಹುಡುಕಬೇಕು. ಹಳೆಯ ನಿಧಾನದ ಪಟ್ಟಿಯೊಂದು ಜೊತೆಗಿದ್ದರೆ ಹೊಸದೂ ಅದರ ವೇಗಕ್ಕೇ ಇಳಿಯುತ್ತದೆ. ಬಂಡಿಯ ಜೋಡಿಯಲ್ಲಿ ಒಂದು ಎತ್ತು ಮೆಲ್ಲಗೆ ನಡೆದರೆ ಇನ್ನೊಂದೂ ಹಾಗೆಯೇ ನಡೆಯಬೇಕಲ್ಲವೇ?

ಮೋಸ ಆಗಿದೆಯೇ ಎಂದು ತಿಳಿಯುವ ದಾರಿಯೂ ಇದೆ. ಸಿಪಿಯು-ಝಡ್ ನ ಎಸ್‌ಪಿಡಿ ಎಂಬ ಪುಟದಲ್ಲಿ ಪ್ರತಿಯೊಂದು ಪಟ್ಟಿಯ ಗಾತ್ರವೂ ಅದರ ಸ್ವಂತ ವೇಗವೂ ಬರೆದಿರುತ್ತದೆ. ಅದು ಬಿಲ್ಲಿಗೆ ಹೊಂದದಿದ್ದರೆ ಮಾತ್ರ ಅಂಗಡಿಯವನನ್ನು ಕೇಳಿರಿ.

ನಿಜವಾದ ಕೊರತೆ ಯಾವುದು?

ಅನೇಕ ಮನೆಗಳಲ್ಲಿ ಕೊರತೆ ಇರುವುದು ವೇಗದಲ್ಲಲ್ಲ, ಜಾಗದಲ್ಲಿ. ಕಣ ಚಿಕ್ಕದಾದರೆ ಒಕ್ಕುವ ತೆನೆಯನ್ನು ಪದೇ ಪದೇ ಹೊರಗೆ ಸಾಗಿಸಿ ಮತ್ತೆ ತರಬೇಕು. ಎತ್ತು ಎಷ್ಟು ಚುರುಕಾಗಿದ್ದರೂ ಕಾಯುತ್ತಾ ನಿಲ್ಲುತ್ತದೆ. ಮೆಮೊರಿ ತುಂಬಿದಾಗ ಕಂಪ್ಯೂಟರು ಡಿಸ್ಕಿಗೆ ಓಡಾಡುವುದೂ ಇದೇ ರೀತಿ. ಕೆಲಸದ ನಡುವೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟವನ್ನು ನೋಡಿರಿ. 4 ಗಿಗಾಬೈಟಿನಲ್ಲಿ 90 ಭಾಗಕ್ಕೂ ಮೇಲೆ ತುಂಬಿಯೇ ಇದ್ದರೆ ಇನ್ನೊಂದು 4 ಗಿಗಾಬೈಟಿನ ಪಟ್ಟಿ ಸೇರಿಸುವುದು ಹಿತ. ಖಾಲಿ ಜಾಗ ಉಂಟೇ ಎಂಬುದನ್ನು ಅದೇ ಪುಟದ ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲು ತಿಳಿಸುತ್ತದೆ. ಅಲ್ಲಿ ಅರ್ಧ ಜಾಗ ಬರಿದೇ ಇದ್ದರೆ, ಹೆಚ್ಚು ವೇಗದ ದುಬಾರಿ ಪಟ್ಟಿಗೆ ಕೊಡುವ ಹಣ ಬಹುಮಟ್ಟಿಗೆ ದಂಡ.

ಹಣ ಕೊಡುವ ಮೊದಲು

1. ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ಣ ಹೆಸರು, ಮೆಮೊರಿಯ ಗಾತ್ರ ಮತ್ತು ವೇಗವನ್ನು ಬರೆಸಿಕೊಳ್ಳಿರಿ.
2. ಪ್ರೊಸೆಸರಿನ ಅಂಕಿಯನ್ನು ಯಂತ್ರಕ್ಕೆ ಕೆಲಸ ಕೊಟ್ಟೇ ನೋಡಿರಿ.
3. ಸಿಪಿಯು-ಝಡ್ ತೋರಿಸುವ ಮೆಮೊರಿ ಅಂಕಿಯನ್ನು ಎರಡರಿಂದ ಗುಣಿಸಿರಿ.
4. ಪ್ರೊಸೆಸರು ತಾಳುವ ವೇಗಕ್ಕಿಂತ ಹೆಚ್ಚಿನ ಪಟ್ಟಿಗೆ ಹೆಚ್ಚು ಹಣ ತೆರಬೇಡಿರಿ.
5. ಭಾಗ ಬದಲಿಸುವ ಮುಂಚೆ ಧೂಳು ತೆಗೆಯಿರಿ.

ಮನೆಯಲ್ಲಿ ಓದುವ ಮಗನಿಗೋ ಮಗಳಿಗೋ ಈ ಐದನ್ನು ಒಂದು ಹಾಳೆಯಲ್ಲಿ ಬರೆದಿಡಲು ಹೇಳಿರಿ. ತೂಕ ನೋಡದೆ ಮಾಲು ಕೊಡದ ರೈತನು ಅಂಕಿ ನೋಡದೆ ಹಣ ಕೊಡಬೇಕಾದುದಿಲ್ಲ.