ಕಾಲು ಇಂಚಿನ ಲೆಕ್ಕ

ಕೌದಿ ಹೊದ್ದು ಬೆಳೆದವರಿಗೆ ಅಮೆರಿಕದ ಕ್ವಿಲ್ಟ್ ಮೊದಲ ನೋಟಕ್ಕೆ ನಮ್ಮದೇ ಅನಿಸುತ್ತದೆ. ಅಲ್ಲೂ ಚೂರು ಬಟ್ಟೆ, ಅಲ್ಲೂ ಪದರ, ಅಲ್ಲೂ ಮೈತುಂಬ ಹೊಲಿಗೆ. ಕಟ್ಟುವ ಬಗೆ ಮಾತ್ರ ಬೇರೆ. ಕೌದಿಗೆ ಹಳೆಯ ಸೀರೆ, ಧೋತರಗಳನ್ನು ಕೆಳಗೆ ಹಾಸಿ, ಮೇಲೆ ತುಂಡುಗಳನ್ನು ಇಟ್ಟು ಹೊಲಿಯುತ್ತಾರೆ. ತುಂಡು ದೊಡ್ಡದಾದರೆ ಅಂಚು ಮಡಚಿದರಾಯಿತು, ಸಣ್ಣದಾದರೆ ಪಕ್ಕಕ್ಕೆ ಇನ್ನೊಂದು ಇಟ್ಟರಾಯಿತು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ನಡುವಿನತ್ತ ಹೊಲಿಯುತ್ತ ಬರುವ ಕೌದಿಗೂ ಕಣ್ಣಳತೆಯೇ ಸಾಕು.

ಅಮೆರಿಕದಲ್ಲಿ ಬೆಳೆದ ಬ್ಲಾಕ್ ಪದ್ಧತಿಯಲ್ಲಿ ಈ ಸೌಕರ್ಯವಿಲ್ಲ. ತುಂಡಿಗೆ ತುಂಡು ಅಂಚು ಸೇರಿಸಿ ಹೊಲಿದು ಒಂದು ಚೌಕ ಮಾಡಬೇಕು, ಅದೇ ಬ್ಲಾಕ್. ಬ್ಲಾಕುಗಳನ್ನು ಜೋಡಿಸಿ ಸಾಲು, ಸಾಲುಗಳನ್ನು ಜೋಡಿಸಿ ಮೇಲ್ಹೊದಿಕೆ. ಹತ್ತಿ ಮತ್ತು ಅಡಿಬಟ್ಟೆ ಇಟ್ಟು ಮೂರನ್ನೂ ಸೇರಿಸಿ ಹೊಲಿಯುವುದು ಆಮೇಲೆ. ಎಲ್ಲ ತುಂಡಿಗೂ ಹೊಲಿಗೆಯ ಮಾರ್ಜಿನ್ ಕಾಲು ಇಂಚು. ನಮ್ಮ ಟೇಲರ್ ರವಿಕೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿರುತ್ತಾನೆ, ಬಿಗಿಯಾದರೆ ಬಿಚ್ಚಿಕೊಡುತ್ತಾನೆ. ಇಲ್ಲಿ ಬಿಚ್ಚಿ ಸಡಿಲಿಸುವಷ್ಟು ಬಟ್ಟೆಯೇ ಇರುವುದಿಲ್ಲ.

ಒಂಬತ್ತು ಚೌಕಗಳ ‘ನೈನ್ ಪ್ಯಾಚ್’ ಎಲ್ಲಕ್ಕಿಂತ ಸರಳ ಬ್ಲಾಕ್. ಹೊಲಿದ ಮೇಲೆ ಪ್ರತಿ ಚೌಕ 3 ಇಂಚು ಕಾಣಬೇಕಾದರೆ 3½ ಇಂಚಿಗೆ ಕತ್ತರಿಸಬೇಕು. ಹೊಲಿಗೆ 1/16 ಇಂಚು ಒಳಗೆ ಸರಿಯಿತು ಎನ್ನಿ. ಅದು ಎರಡೂ ಕಡೆಯ ಬಟ್ಟೆಯನ್ನು ತಿನ್ನುವುದರಿಂದ ಒಂದು ಹೊಲಿಗೆಗೆ 1/8 ಇಂಚು ಹೋಯಿತು. 9½ ಇಂಚು ಇರಬೇಕಾದ ಬ್ಲಾಕ್ 9¼ಕ್ಕೆ ನಿಂತಿತು. ಸಾಲಿನಲ್ಲಿ ಇಂಥವು ನಾಲ್ಕಿದ್ದರೆ ಅವುಗಳ ಒಳಗಿನ 8 ಹೊಲಿಗೆಗಳಲ್ಲೇ ಒಂದು ಇಂಚು ಮಾಯ. ಕೆಳಗಿನ ಸಾಲಿನಲ್ಲಿ ಅಖಂಡ ಚೌಕಗಳಿದ್ದರೆ ಎರಡೂ ಕೂಡುವುದು ಹೇಗೆ? ಎಳೆದು ಹೊಲಿದರೆ ಬಟ್ಟೆ ಉಬ್ಬುತ್ತದೆ.

ಇನ್ನೊಂದು ತಮಾಷೆಯಿದೆ. ಕರಾರುವಾಕ್ಕಾಗಿ ಕಾಲು ಇಂಚು ಹೊಲಿದರೂ ಬ್ಲಾಕ್ ಸಣ್ಣದಾಗುತ್ತದೆ. ಇಸ್ತ್ರಿ ಮಾಡಿ ಮಡಚಿದ ಕಡೆ ದಾರದ ದಪ್ಪ, ಬಟ್ಟೆಯ ದಪ್ಪ ಎರಡೂ ಒಂದಿಷ್ಟು ಅಗಲವನ್ನು ನುಂಗುತ್ತವೆ. ಅದಕ್ಕೇ ಅನುಭವಿಗಳು ಕಾಲು ಇಂಚಿಗಿಂತ ಒಂದೆರಡು ಎಳೆ ಕಡಿಮೆ ಹಿಡಿಯುತ್ತಾರೆ, ದಾರವನ್ನೂ ತೆಳ್ಳಗಿನದನ್ನೇ ಆರಿಸುತ್ತಾರೆ. ಎಷ್ಟು ಕಡಿಮೆ ಎಂಬುದು ಯಂತ್ರ, ದಾರ, ಬಟ್ಟೆಗೆ ತಕ್ಕಂತೆ ಬದಲಾಗುತ್ತದೆ. ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. 1½ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಉದ್ದಕ್ಕೆ ಸೇರಿಸಿ ಹೊಲಿದು ಇಸ್ತ್ರಿ ಹಾಕಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ 3½ ಇಂಚು ಇರಬೇಕು. ನಡುವಿನದು ಕಿರಿದಾಗಿದ್ದರೆ ಹೊಲಿಗೆಯನ್ನು ಅಂಚಿನತ್ತ ತನ್ನಿ, ಅಗಲವಾಗಿದ್ದರೆ ಒಳಕ್ಕೆ. ಸರಿಬಂದ ಜಾಗ ಗುರುತಿಸಿ ಯಂತ್ರದ ಮೇಲೆ ನಾಲ್ಕೈದು ಪದರ ಮಾಸ್ಕಿಂಗ್ ಟೇಪ್ ಅಂಟಿಸಿಬಿಟ್ಟರೆ ಬಟ್ಟೆಯ ಅಂಚು ಅದಕ್ಕೆ ಒರಗಿಕೊಂಡೇ ಓಡುತ್ತದೆ. ಕಾಲು ಇಂಚಿನ ವಿಶೇಷ ಫುಟ್ ಸಿಗುತ್ತದೆ, ನಿಜ. ನನ್ನ ಮಟ್ಟಿಗೆ ಟೇಪೇ ಸಾಕು.

ಹೊಲಿಗೆಗೆ ಮುಂಚೆ ಕತ್ತರಿಸುವುದು ನೆಟ್ಟಗಿರಬೇಕಲ್ಲ! ಹಿಂದೆ ರಟ್ಟಿನ ಅಚ್ಚು ಇಟ್ಟು, ಪೆನ್ಸಿಲ್‌ನಲ್ಲಿ ಗೀಚಿ ಕತ್ತರಿಯಿಂದ ಕತ್ತರಿಸುತ್ತಿದ್ದರು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಚಕ್ರದಂತೆ ಉರುಳುವ ಅಲಗಿನ ರೋಟರಿ ಕಟರ್ ತಂದಿತು. ಪಾರದರ್ಶಕ ಸ್ಕೇಲ್ ಒತ್ತಿಹಿಡಿದು ಉರುಳಿಸಿದರೆ ಹಲವು ಪದರ ಒಟ್ಟಿಗೆ ತುಂಡಾಗುತ್ತವೆ. ಆದರೆ ಯಾವ ಕಟರೂ ಬಟ್ಟೆಯ ಸ್ವಭಾವವನ್ನು ಬದಲಿಸದು. ಹಾಸಿನ ದಿಕ್ಕಿಗೆ ಬಟ್ಟೆ ಅಷ್ಟಾಗಿ ಜಗ್ಗುವುದಿಲ್ಲ, ಹೊಕ್ಕಿನ ದಿಕ್ಕಿಗೆ ತುಸು ಜಗ್ಗುತ್ತದೆ, ಓರೆಯಲ್ಲಿ ಹಿಡಿತಕ್ಕೇ ಸಿಗದು. ತ್ರಿಕೋನ ಕತ್ತರಿಸಿದಾಗ ಒಂದು ಅಂಚಾದರೂ ಓರೆಯೇ. ಹಾಗಾಗಿ ಜಾಣರು ಎರಡು ಚೌಕಗಳನ್ನು ಮುಖಾಮುಖಿ ಇಟ್ಟು, ಕರ್ಣದ ಗೆರೆಯ ಆಚೀಚೆ ಕಾಲಿಂಚಿನಲ್ಲಿ ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿಸುತ್ತಾರೆ. 3 ಇಂಚಿನ ಜೋಡಿ ತ್ರಿಕೋನಕ್ಕೆ ಲೆಕ್ಕದ ಪ್ರಕಾರ 3⅞ ಇಂಚಿನ ಚೌಕ ಸಾಕು. 4 ಇಂಚಿನದು ತೆಗೆದುಕೊಂಡು ಕಡೆಗೆ 3½ಕ್ಕೆ ಸವರುವುದು ಕ್ಷೇಮ. ಕತ್ತರಿಸುವ ಮುನ್ನ ಬಟ್ಟೆಗೆ ಗಂಜಿ ಹಾಕಿ ಒಣಗಿಸಿ ಇಸ್ತ್ರಿ ಮಾಡಿದರೆ ಓರೆ ಅಂಚೂ ಮಾತು ಕೇಳುತ್ತದೆ.

ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆ ಎಳೆದಾಡಿದಂತೆ ಇಲ್ಲಿ ಎಳೆದಾಡಬಾರದು. ಇಟ್ಟು, ಒತ್ತಿ, ಎತ್ತಿ. ಒಂದು ಸಾಲಿನ ಮಾರ್ಜಿನ್ನನ್ನು ಎಡಕ್ಕೆ ಮಡಚಿದರೆ ಮುಂದಿನ ಸಾಲಿನದನ್ನು ಬಲಕ್ಕೆ ಮಡಚಬೇಕು. ಆಗ ಎರಡು ಸಾಲುಗಳನ್ನು ಒಂದರ ಮೇಲೊಂದು ಇಟ್ಟು ಬೆರಳಿಂದ ಸರಿಸಿದರೆ ಒಂದರ ಉಬ್ಬು ಇನ್ನೊಂದರ ಉಬ್ಬಿಗೆ ತಾಗಿ ತಾನಾಗಿ ನಿಲ್ಲುತ್ತದೆ. ಕೂಡಿದ ಗುರುತು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ.

ಇಷ್ಟೆಲ್ಲ ಶಿಸ್ತು ಬೇಕೇ ಎಂದು ಕೇಳುವವರಿಗೆ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರ ಕ್ವಿಲ್ಟ್‌ಗಳು ಒಳ್ಳೆಯ ಉತ್ತರ. ಹಳೆಯ ಕೆಲಸದ ಬಟ್ಟೆಗಳಿಂದ ಹೊಲಿದ, ಗೆರೆಗಳು ಬೇಕೆಂದೇ ವಾಲುವ ಅವು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು. ಆದರೆ ನಕ್ಷತ್ರದ ಬ್ಲಾಕ್ ಹೊಲಿಯಹೊರಟು, ಮೂಲೆಯ ಚೂಪು ಹೊಲಿಗೆಯೊಳಗೆ ಮುಳುಗಿಹೋದರೆ ಅದನ್ನು ಕಲೆ ಎನ್ನಲಾಗದು.

ಕಲಿಯಲು ದುಬಾರಿ ಸಾಮಾನು ಬೇಕಿಲ್ಲ. ಮನೆಯಲ್ಲಿರುವ ಹೊಲಿಗೆ ಯಂತ್ರ, ಅರ್ಧ ಮೀಟರ್ ಪಾಪ್ಲಿನ್, ಒಂದು ಒಳ್ಳೆಯ ಸ್ಕೇಲ್ ಸಾಕು. ಆ ಮೂರು ಪಟ್ಟಿಗಳಿಂದಲೇ ಶುರುಮಾಡಿ. ನಡುವಿನದು ಒಂದು ಇಂಚು ಬರುವ ತನಕ ಇಷ್ಟದ ಬಟ್ಟೆಗೆ ಕೈಹಾಕಬೇಡಿ.